ಮೊರ ಹಿಡಿದು ಎಸ್ಟೋನಿಯಾಕ್ಕೆ

ದೇವನಹಳ್ಳಿ

ಕಿಟಕಿ ಪಕ್ಕ ಸೀಟು ಸಿಕ್ಕಿತ್ತಾ ಎಂದು ಊರಿಗೆ ಊರೇ ಕೇಳಿತು. ಸಿಕ್ಕಿರಲಿಲ್ಲ. ಇಷ್ಟು ವರ್ಷ ಹೊಲದಲ್ಲಿ ಕಳೆ ಕೀಳುತ್ತಾ ತಲೆಯ ಮೇಲೆ ಹಾರುವ ವಿಮಾನಗಳನ್ನು ಕತ್ತೆತ್ತಿ ನೋಡಿದವಳು ನಾನು. ನನ್ನ ಸರದಿ ಬಂದಾಗ ಇಬ್ಬರು ದಡೂತಿ ಗಂಡಸರ ನಡುವೆ ಮೊಣಕೈ ಮಡಚಿಕೊಂಡು ಕೂರಬೇಕಾಯಿತು. ಮೇಲಿನಿಂದ ನಮ್ಮ ಹೊಲ ನೋಡಬೇಕು ಅಂದುಕೊಂಡಿದ್ದೆ. ಪಕ್ಕದವನ ಕಿವಿ ನೋಡಿಕೊಂಡು ದೇಶ ಬಿಟ್ಟೆ.

ಕೈಯಲ್ಲೊಂದು ಹೊಸ ಬಿದಿರಿನ ಮೊರ ಇತ್ತು. ಪೆಟ್ಟಿಗೆಗೆ ಹಿಡಿಸಲಿಲ್ಲ, ಹಾಗಾಗಿ ಎತ್ತಿಕೊಂಡೇ ಹೋದೆ. ಸೆಕ್ಯುರಿಟಿಯವನು ಅದನ್ನು ಎರಡು ಸಲ ಮಿಷಿನ್ನಿನೊಳಗೆ ಕಳಿಸಿ, ತಿರುಗಿಸಿ ಮುರುಗಿಸಿ ನೋಡಿದ.

"ಇದ್ಯಾಕಮ್ಮಾ ಫಾರಿನ್ನಿಗೆ?"

"ನಿಮ್ಮನೇಲಿ ಅಕ್ಕಿ ಯಾತರಲ್ಲಿ ಕೇರ್ತಾರಪ್ಪಾ?" ಅಂದೆ. ಅವನು ನಕ್ಕು ಬಿಟ್ಟುಕೊಟ್ಟ.

ನನ್ನ ಹೆಸರು ಗಿರಿಜಮ್ಮ. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿ. ಯಜಮಾನರು ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಸೀರೆ ನೇಯುತ್ತಾರೆ. ಮೈದುನ ಮುನಿರಾಜು ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುತ್ತಾನೆ. ಮನೆಯ ಎರಡು ಎಕರೆ ಹೊಲ ನೋಡಿಕೊಳ್ಳುವವಳು ನಾನು. ಹಠಮಾರಿ ಎಂದು ಊರಲ್ಲಿ ಹೆಸರಿದೆ. ಇರಲಿ, ಆ ಹೆಸರು ನನಗೆ ಒಗ್ಗಿದೆ.

ನಮ್ಮ ಹೊಲದಲ್ಲಿ ರಾಗಿ ಒಂದೇ ಬಿತ್ತುವ ಪದ್ಧತಿ ಇರಲಿಲ್ಲ. ಕೂರಿಗೆ ಹೋಗುವಾಗ ಎಂಟು ಸಾಲು ರಾಗಿಗೆ ಒಂದು ಸಾಲನ್ನು ಬೇರೆ ಬೀಜಕ್ಕೆ ಬಿಡುತ್ತಿದ್ದೆವು. ಒಂದರಲ್ಲಿ ಅವರೆ, ಮುಂದಿನದರಲ್ಲಿ ತೊಗರಿ, ಆಚೆ ಅಲಸಂದೆ, ಜೋಳ, ಹುಚ್ಚೆಳ್ಳು. ಅದನ್ನೇ ಅಕ್ಕಡಿ ಸಾಲು ಅನ್ನುವುದು. ಕೆಲವರು ಅಕ್ಕಡಿ ಬೀಜವನ್ನೆಲ್ಲ ಬೆರೆಸಿ ಬಿಡುತ್ತಾರೆ. ನಮ್ಮತ್ತೆ ಬಿಡುತ್ತಿರಲಿಲ್ಲ. ಒಂದೊಂದಕ್ಕೆ ಒಂದೊಂದು ಬಟ್ಟಲು, ಒಂದೊಂದು ಸಾಲು. ಬಿತ್ತನೆ ದಿನ ಯಾವುದಾದರೂ ಬಟ್ಟಲಲ್ಲಿ ಬೇರೆ ಕಾಳು ಕಂಡರೆ ಕೂರಿಗೆ ನಿಲ್ಲಿಸಿ, ಬದುವಿನ ಮೇಲೆ ಕೂತು ಆರಿಸಿಯೇ ಮುಂದಕ್ಕೆ ಹೋಗುತ್ತಿದ್ದರು. ಎತ್ತು ಕಾಯುತ್ತಿದ್ದವು, ಗಂಡಸರು ಬೀಡಿ ಹಚ್ಚುತ್ತಿದ್ದರು, ಅತ್ತೆ ಆರಿಸುತ್ತಿದ್ದರು.

ಈಗ ರಾಗಿ ಕುಯ್ಯುವ ಮಿಷಿನ್ ಬಂದಿದೆ. ನಡುವೆ ಅವರೆ ಬಳ್ಳಿ, ತೊಗರಿ ಕಡ್ಡಿ ಇದ್ದರೆ ಅದು ಹೊಲಕ್ಕೆ ಇಳಿಯುವುದಿಲ್ಲ. ಹೋದ ವರ್ಷ ಮುನಿರಾಜು ಬರೀ ರಾಗಿ ಬಿತ್ತಿಸಿ, ಮಿಷಿನ್ನಿನಲ್ಲಿ ಕುಯ್ಯಿಸಿದ. ಒಂದು ವರ್ಷ ತಾನೆ ಎಂದು ನಾನೂ ಸುಮ್ಮನಿದ್ದೆ. ಅತ್ತೆ ಕೊಟ್ಟು ಹೋದ ಬೀಜ ಮಡಕೆಯಲ್ಲೇ ಉಳಿಯಿತು. ಈ ವರ್ಷವೂ ಮಣ್ಣು ಕಾಣದಿದ್ದರೆ ಅದು ಹಳತಾಗಿ ಹುಸಿಹೋಗುತ್ತದೆ. ಹುಚ್ಚೆಳ್ಳಂತೂ ಮೊಳೆಯುವುದೇ ಇಲ್ಲ. ಅಂಗಡಿಯ ಬೀಜ ಬೇಕಾದರೆ ಸಿಗುತ್ತದೆ, ನನಗೆ ಬೇಕಿದ್ದುದು ಇದು.

ಲೀಸ ಎಂಬ ಎಸ್ಟೋನಿಯಾದ ಹುಡುಗಿ ಈ ಅಕ್ಕಡಿ ಸಾಲು ನೋಡಲೆಂದೇ ನಮ್ಮೂರಿಗೆ ಬಂದು ಎಂಟು ತಿಂಗಳು ನಮ್ಮ ಮನೆಯಲ್ಲಿ ಇದ್ದಳು. ಮುದ್ದೆ ನುಂಗುವುದನ್ನೂ ನಮ್ಮ ಕನ್ನಡವನ್ನೂ ಕಲಿತು ಹೋದಳು. ತಮ್ಮ ತೋಟಕ್ಕೆ ಪಾಠ ಕಲಿಯಲು ಬರುವ ಹುಡುಗರಿಗೆ ಬಿತ್ತಿ ತೋರಿಸಲು ಬಾ ಎಂದು ಅವಳೇ ಕರೆಸಿಕೊಂಡಿದ್ದು. ಹೊರಡುವ ಮುಂಚೆ ಮುನಿರಾಜುವನ್ನು ಎದುರಿಗೆ ನಿಲ್ಲಿಸಿಕೊಂಡೆ.

"ಆರಿದ್ರಾ ಮಳೆಗೆ ಬಂದ್ಬಿಡ್ತೀನಿ. ಅಲ್ಲೀಗಂಟ ಹೊಲಕ್ಕೆ ಒಂದು ಕಾಳೂ ಬೀಳಬಾರ್ದು. ಈ ಸಲ ಅಕ್ಕಡಿ ಬಿಡ್ಲೇಬೇಕು."

"ಆಯ್ತು ಅತ್ಗೆ, ಹೋಗ್ಬನ್ನಿ," ಎಂದ. ಕಣ್ಣು ಮೊಬೈಲಿನ ಮೇಲಿತ್ತು. ಆವಾಗಲೇ ನನಗೆ ಅನುಮಾನ ಬರಬೇಕಿತ್ತು.

ಟಾಲಿನ್‌ನ ಬಸ್ ಸ್ಟಾಪು

ಟಾಲಿನ್ ಅವರ ರಾಜಧಾನಿ. ಅಲ್ಲಿ ನಾನು ಮೊದಲು ನೋಡಿದ್ದು ಅರಮನೆಯಲ್ಲ, ಕೋಟೆಯಲ್ಲ, ಬಸ್ಸಿಗೆ ಕಾಯುವ ಜನ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎರಡು ಮಾರು ಅಂತರ. ಮಳೆ ಹನಿಯುತ್ತಿದ್ದರೂ ಸೂರಿನ ಕೆಳಗೆ ಇಬ್ಬರೇ, ಉಳಿದವರು ನೆನೆಯುತ್ತಾ ದೂರದೂರ. ನಮ್ಮ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಷ್ಟು ಜಾಗದಲ್ಲಿ ಒಂದು ಮದುವೆ ದಿಬ್ಬಣವೇ ನಿಲ್ಲುತ್ತಿತ್ತು.

ಲೀಸ ಟಿಕೆಟ್ಟು ತರಲು ಹೋಗಿದ್ದಳು. ನಾನು ಅಭ್ಯಾಸಬಲದಿಂದ ಒಬ್ಬ ಹೆಂಗಸಿನ ಪಕ್ಕ ಹೋಗಿ ನಿಂತೆ. ಅವಳು ಎರಡು ಹೆಜ್ಜೆ ಸರಿದಳು. ನನಗೆ ಜಾಗ ಬಿಟ್ಟಳು ಎಂದುಕೊಂಡು ನಾನೂ ಸರಿದೆ. ಅವಳು ಮತ್ತೆ ಸರಿದಳು. ಹೀಗೇ ಸರಿದೂ ಸರಿದೂ ಇಬ್ಬರೂ ಮುಂದಿನ ಲೈಟು ಕಂಬದ ಹತ್ತಿರ ಬಂದಿದ್ದೆವು.

"ಗಿರಿಜಕ್ಕ, ಆ ಯಮ್ಮನ್ನ ಎಲ್ಲಿಗೆ ಓಡಿಸ್ತಿದೀಯಾ?" ಎಂದು ಲೀಸ ಓಡಿ ಬಂದಳು.

"ಓಡಿಸ್ತಿಲ್ಲ ಕಣೇ. ಜೊತೆಗೆ ನಿಂತ್ಕಳಣ ಅಂತ."

"ನಮ್ಮೋರು ಜೊತೆಗೆ ನಿಲ್ಲಲ್ಲ. ದೂರ ದೂರ ನಿಂತ್ಕಂಡೇ ಜೊತೆಗಿರ್ತಾರೆ."

ನನಗೆ ಸಿಟ್ಟು ಬಂತು. ಮನುಷ್ಯರು ಮುಟ್ಟಿಸಿಕೊಳ್ಳದೆ ಬದುಕುವುದೂ ಒಂದು ಬದುಕಾ ಅನ್ನಿಸಿತು. ಆದರೆ ಬಸ್ಸು ಬಂದಾಗ ಒಬ್ಬರೂ ನುಗ್ಗಲಿಲ್ಲ, ನನ್ನ ಕಾಲು ಯಾರೂ ತುಳಿಯಲಿಲ್ಲ. ಇದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ.

ದ್ವೀಪ

ಬಸ್ಸೇ ಹಡಗಿನ ಹೊಟ್ಟೆಯೊಳಕ್ಕೆ ಹೋಯಿತು. ನಾವು ಇಳಿದು ಮೇಲೆ ಹೋಗಿ ಸಮುದ್ರ ನೋಡಿದೆವು. ಲೀಸಳ ಊರು ಸಾರೆಮಾ ಎಂಬ ದ್ವೀಪದಲ್ಲಿದೆ. ಅವಳು ಕೆಲಸ ಮಾಡುವ ತೋಟವೂ ಅಲ್ಲೇ. ಜೂನ್ ತಿಂಗಳಲ್ಲಿ ಅಲ್ಲಿ ಕತ್ತಲೆಯೆಂಬುದೇ ಸರಿಯಾಗಿ ಆಗುವುದಿಲ್ಲ. ಮಲಗುವ ಹೊತ್ತಿಗೂ ಬಿಸಿಲು. ಯಾವಾಗ ದೀಪ ಹಚ್ಚಿ ಕೈಮುಗಿಯಬೇಕು ಎಂದು ಗೊತ್ತಾಗದೆ ಎರಡು ದಿನ ಒದ್ದಾಡಿ, ಕೊನೆಗೆ ಹಸಿವಾದಾಗ ಕೈಮುಗಿದು ಉಂಡೆ.

ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಕರೀ ಬ್ರೆಡ್ಡು, ಹುಳಿ ಬಂದ ಹಾಲು. ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪು! ಆಲೂಗಡ್ಡೆಗೆ ಸಬ್ಬಸಿಗೆ, ಸೌತೆಕಾಯಿಗೆ ಸಬ್ಬಸಿಗೆ, ಸಾರಿಗೂ ಸಬ್ಬಸಿಗೆ. ಇಷ್ಟು ದೂರ ಬಂದು ನಮ್ಮ ಸೊಪ್ಪಿನ ವಾಸನೆ ಮೂಗಿಗೆ ಬಡಿದಾಗ ಕಣ್ಣು ತುಂಬಿತು. ಇದನ್ನು ಅಕ್ಕಿ ಹಿಟ್ಟಿಗೆ ಹಾಕಿ ರೊಟ್ಟಿ ತಟ್ಟಬೇಕು ಎಂದು ಹೇಳಿದೆ. ಅವರು ನಂಬಲಿಲ್ಲ. ತಟ್ಟಿ ತೋರಿಸಿದ ಮೇಲೆ ನಾಲ್ಕು ನಾಲ್ಕು ತಿಂದರು.

ಬೀಜದ ಕೋಣೆ

ಈಗ ನಾನು ಮಾಡಿದ ಘನಂದಾರಿ ಕೆಲಸ ಹೇಳಬೇಕು.

ಎರಡನೆಯ ದಿನ ಲೀಸಳೂ ಅವಳ ಮೇಷ್ಟ್ರು ತೋಮಸ್ಸರೂ ಮೀಟಿಂಗಿಗೆ ಹೋದರು. ತೋಮಸ್ಸರು ಎತ್ತರದ ಮನುಷ್ಯ, ಮಾತು ಕಮ್ಮಿ, ಜೇಬಲ್ಲಿ ಯಾವಾಗಲೂ ಒಂದು ಪುಟ್ಟ ಪುಸ್ತಕ. ನನ್ನನ್ನು ಬೀಜದ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು ಹೋದರು. ಮೇಜಿನ ಮೇಲೆ ಸಾಲಾಗಿ ಕಾಗದದ ಪೊಟ್ಟಣಗಳಿದ್ದವು. ಹಾಗೇ ಒಂದನ್ನು ಬಿಚ್ಚಿ ನೋಡಿದೆ. ಹುಲ್ಲಿನ ಬೀಜ, ಯಾವುದೋ ಹೂವಿನ ಬೀಜ, ಸಾಸಿವೆಯಂಥದ್ದು, ಎಳ್ಳಿನಂಥದ್ದು ಎಲ್ಲ ಕಲಬೆರಕೆ. ಇನ್ನೊಂದು ಬಿಚ್ಚಿದೆ, ಅದೂ ಹಾಗೇ. ಅಷ್ಟೂ ಪೊಟ್ಟಣ ಹಾಗೇ!

ಬಿತ್ತನೆ ಬೀಜ ಬೆರಕೆಯಾಗಿದ್ದನ್ನು ಕಂಡೂ ಸುಮ್ಮನೆ ಕೂರುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಯಾವನೋ ಕೈ ತಪ್ಪಿ ಬೀಳಿಸಿ, ಹೆದರಿ, ಬಾಚಿ ತುಂಬಿಟ್ಟಿದ್ದಾನೆ ಎಂದುಕೊಂಡೆ. ಮೊರ ಕೈಯಲ್ಲೇ ಇತ್ತು. ಕಿಟಕಿ ಮುಚ್ಚಿ, ನೆಲಕ್ಕೆ ಕೂತು, ಅಷ್ಟನ್ನೂ ಸುರಿದುಕೊಂಡು ಶುರು ಮಾಡಿದೆ. ಹಗುರದ್ದನ್ನು ಒನೆದು ಮುಂದಕ್ಕೆ ತಂದೆ, ದಪ್ಪದ್ದನ್ನು ಟೀ ಸೋಸುವ ಜಾಲರಿಯಲ್ಲಿ ಹಿಡಿದೆ, ಉಳಿದದ್ದನ್ನು ಬೆರಳಲ್ಲಿ ಆರಿಸಿದೆ. ಮಧ್ಯಾಹ್ನದ ಊಟವನ್ನೂ ಬಿಟ್ಟೆ. ಅವರು ಬರುವ ಹೊತ್ತಿಗೆ ಬೀಜಗಳೆಲ್ಲ ಜಾತಿವಾರು ಗುಡ್ಡೆಯಾಗಿ ತಟ್ಟೆಗಳಲ್ಲಿ ಕೂತಿದ್ದವು. ಬೆನ್ನು ಹಿಡಿದುಕೊಂಡಿತ್ತು. ಶಹಬ್ಬಾಸ್ ಅನ್ನುತ್ತಾರೆ ಎಂದು ಕಾದೆ.

ಲೀಸ ಬಾಗಿಲಲ್ಲೇ ತಲೆ ಮೇಲೆ ಕೈ ಹೊತ್ತಳು.

"ಅಯ್ಯೋ ಗಿರಿಜಕ್ಕ! ಹುಡುಗರು ಎರಡು ದಿನ ಕೂತು ತೂಕ ಹಾಕಿ ಬೆರೆಸಿದ್ರು!"

"ಬೇಕೂಂತ ಬೆರೆಸಿದ್ರಾ?"

"ಬೇಕೂಂತಾನೇ."

"ಬೇಕೂಂತ ಯಾರೇ ಬೆರೆಸ್ತಾರೆ? ಒಟ್ಟಿಗೆ ಹಾಕಿದ್ರೆ ಬಲವಾಗಿರೋದು ಬಾಕಿದ್ದನ್ನ ತಿಂದ್ಹಾಕಲ್ವಾ?"

ಅವಮಾನಕ್ಕೆ ಮುಖ ಬಿಸಿಯಾಗಿತ್ತು. ಅದನ್ನು ಮುಚ್ಚಿಕೊಳ್ಳಲು ಇನ್ನೂ ಜೋರಾಗಿ ಮಾತಾಡಿದೆ. ತೋಮಸ್ಸರು ಬೈಯಲಿಲ್ಲ, ನಗಲೂ ಇಲ್ಲ. ಭೂತಗನ್ನಡಿ ತೆಗೆದುಕೊಂಡು ಒಂದೊಂದೇ ತಟ್ಟೆಗೆ ಬಗ್ಗಿ ನೋಡಿದರು. ಒಂದರಲ್ಲಿ ಮಾತ್ರ ಎರಡು ಜಾತಿ ಕೂಡಿಬಿಟ್ಟಿತ್ತು, ಅದನ್ನು ತೋರಿಸಿದರು. ಬಣ್ಣ ಒಂದೇ, ಗಾತ್ರ ಒಂದೇ, ಆದರೂ ಬೇರೆಯಂತೆ. ಆಮೇಲೆ ಲೀಸಳಿಗೆ ಏನೋ ಹೇಳಿದರು.

"ಗಿರಿಜಕ್ಕ ಈಗ ಕೇಳಿದ ಪ್ರಶ್ನೆಗೇ ಈ ಬೀಜ ಬೆರೆಸಿದ್ದಂತೆ. ಬಾ, ಉತ್ರ ಹಿಂದ್ಗಡೆ ತೋಟದಲ್ಲಿದೆ ಅಂತಿದಾರೆ," ಎಂದಳು.

ಪಾತಿಗಳು

ಹಿಂದುಗಡೆ ತೋಟದಲ್ಲಿ ಮರದ ಹಲಗೆ ಕಟ್ಟಿದ ಪಾತಿಗಳಿದ್ದವು. ಪಾಠಕ್ಕೆ ಬರುವ ಹುಡುಗರಿಗೆ ತೋರಿಸಲೆಂದು ಕೆಲವು ವರ್ಷಗಳ ಹಿಂದೆ ಬಿತ್ತಿದ್ದು. ಎಲ್ಲಕ್ಕೂ ಅದೇ ಬೀಜಗಳು, ಅಷ್ಟೇ ತೂಕ, ಅದೇ ಮಣ್ಣು. ಬಿತ್ತಿದ ರೀತಿ ಮಾತ್ರ ಬೇರೆ. ಅರ್ಧ ಪಾತಿಗಳಿಗೆ ಬೆರೆಸಿ ಎರಚಿದ್ದರು. ಉಳಿದ ಅರ್ಧಕ್ಕೆ ಮೊರದಗಲದ ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಜಾತಿ ಹಾಕಿದ್ದರು.

ಬೆರೆಸಿ ಎರಚಿದ ಪಾತಿಯ ಮುಂದೆ ನಿಂತೆ. ಸೊಂಟದೆತ್ತರ ಒಂದೇ ಜಾತಿ ಹುಲ್ಲು. ಬಗ್ಗಿ ಸರಿಸಿ ನೋಡಿದರೆ ಅಡಿಯಲ್ಲಿ ಬಿಳಿಚಿಕೊಂಡ ಎರಡು ಮೂರು ಗಿಡ. ಬಾಕಿಯವು ಎಲ್ಲಿ ಹೋದವೋ. ಪಕ್ಕದ ತುಂಡು ತುಂಡಿನ ಪಾತಿಯಲ್ಲಿ ಅದೇ ಹುಲ್ಲು ಇತ್ತು, ಆದರೆ ತನ್ನ ಜಾಗದಲ್ಲಿತ್ತು. ಅದರಾಚೆ ನೀಲಿ ಗಂಟೆ ಹೂವು, ಕೆಂಪು ಹೂವು, ನೆಲಕ್ಕಂಟಿದ ಸಣ್ಣೆಲೆಯ ಗಿಡ. ಅಂಚುಗಳಲ್ಲಿ ಹುಲ್ಲು ನಾಲ್ಕು ಬೆರಳು ಒತ್ತುವರಿ ಮಾಡಿತ್ತು. ನಡುವೆ ಎಲ್ಲರೂ ಇದ್ದರು.

ಯಾಕೆ ಹೀಗೆ ಎಂದು ತೋಮಸ್ಸರು ಹೇಳಿದ್ದನ್ನು ಲೀಸ ಕನ್ನಡ ಮಾಡಿದಳು. ಬೆರೆಸಿದಾಗ ಪ್ರತಿ ಗಿಡಕ್ಕೂ ಪಕ್ಕದಲ್ಲೇ ಬೇರೆಯವನು. ಬಿಸಿಲಿಗೂ ನೀರಿಗೂ ಅವನ ಜೊತೆ ಹೋರಾಡಬೇಕು, ಮೆತ್ತಗಿರುವುದು ಮೊದಲ ವರ್ಷವೇ ಸೋಲುತ್ತದೆ. ಗುಂಪಾಗಿದ್ದರೆ ಪಕ್ಕದಲ್ಲಿರುವುದು ಹೆಚ್ಚಾಗಿ ತನ್ನದೇ ಜಾತಿ. ಬಲವಾದ ಹುಲ್ಲಿಗೂ ಹೋರಾಟ ಜಾಸ್ತಿ ತನ್ನವರ ಜೊತೆಗೇ. ಬೇರೆಯವರನ್ನು ತುಳಿಯಬೇಕಾದರೆ ಗುಂಪಿನ ಅಂಚಿನಿಂದ ಇಷ್ಟಿಷ್ಟೇ ನುಗ್ಗಬೇಕು.

"ಇದನ್ನ ನಮ್ಮತ್ತೆ ಒಂದೇ ಮಾತಲ್ಲಿ ಹೇಳ್ತಿದ್ರು," ಎಂದೆ. "ದಾಯಾದಿ ಜಗಳ ದಾಯಾದಿಗಳೇ ಮಾಡ್ಕಳ್ಳಿ, ಅವರೆ ಮೇಲೆ ಯಾಕ್ ಬೀಳ್ಬೇಕು ಅಂತ."

ಲೀಸ ಅನುವಾದಿಸಲು ಒದ್ದಾಡಿದಳು. ದಾಯಾದಿ ಎಂಬುದಕ್ಕೆ ಅವರಲ್ಲಿ ಮಾತಿಲ್ಲವಂತೆ. ಪುಣ್ಯವಂತರು.

ಆಮೇಲೆ ತೋಮಸ್ಸರು ನನಗೆ ಹಿಡಿಸದ ಎರಡು ಮಾತು ಹೇಳಿದರು. ಮೊದಲನೆಯದು, ಗುಂಪು ಮಾಡಿದರೂ ಬಲವಾದದ್ದು ನಿಲ್ಲುವುದಿಲ್ಲ, ಬರೀ ತಡವಾಗುತ್ತದೆ. ಇನ್ನೂ ಹತ್ತಾರು ವರ್ಷ ಬಿಟ್ಟರೆ ಈ ಪಾತಿಯನ್ನೂ ಹುಲ್ಲು ನುಂಗಬಹುದು. ಹಾಗಿದ್ದ ಮೇಲೆ ಗುಂಪು ಮಾಡಿ ಏನು ಬಂತು?

ನಾನು ಸೊಂಟದ ಮೇಲೆ ಕೈಯಿಟ್ಟೆ.

"ತಡ ಆದ್ರೆ ಸಾಕು ಕಣ್ರೀ. ಅಷ್ಟೊತ್ತಿಗೆ ಕೊಯ್ಲಾಗಿರುತ್ತೆ. ಮುಂದಿನ್ ವರ್ಷ ಮತ್ತೆ ಸಾಲು ಹಾಕ್ತೀವಿ. ಅದು ನುಗ್ಗೋದು ಅದರ ಕೆಲ್ಸ, ಸಾಲು ಹಾಕೋದು ನಮ್ ಕೆಲ್ಸ."

ಲೀಸ ಹೇಳುತ್ತಿದ್ದ ಹಾಗೆ ಮೇಷ್ಟ್ರ ಜೇಬಿನಿಂದ ಪುಸ್ತಕ ಹೊರಗೆ ಬಂತು. ಬರೆದುಕೊಂಡರು. ಗೆದ್ದೆ ಎಂದುಕೊಂಡೆ. ಆದರೆ ಅದೇ ಪುಸ್ತಕದಲ್ಲಿ ಚುಕ್ಕಿ ಇಟ್ಟು ಎರಡನೆಯ ಮಾತು ತೋರಿಸಿದರು. ಅವರೆಯ ಒಂದೇ ಸಾಲು ರಾಗಿಯ ನಡುವೆ ನಿಂತರೆ ಅದಕ್ಕೆ ಎರಡೂ ಮಗ್ಗುಲಲ್ಲಿ ಎದುರಾಳಿ. ನಾಲ್ಕು ಸಾಲು ಒಟ್ಟಿಗೆ ನಿಂತರೆ ಒಳಗಿನ ಎರಡಕ್ಕೆ ಬೇರೆ ಜಾತಿಯ ಕಾಟವಿಲ್ಲ. ನಿಮ್ಮ ಒಂಟಿ ಸಾಲಿನಲ್ಲಿ ಮೆತ್ತಗಿನ ಬೆಳೆ ಸೊರಗುವುದಿಲ್ಲವೇ ಎಂದು ಕೇಳಿದರು.

"ನಮ್ಮತ್ತೆ ಹಾಕಿದ ಸಾಲಿಗೆ ಐಬು ಹೇಳ್ಬೇಡಿ," ಎಂದು ಎದ್ದು ಬಂದುಬಿಟ್ಟೆ. ನಿಜ ಹೇಳಬೇಕೆಂದರೆ, ರಾಗಿ ಚೆನ್ನಾಗಿ ಬಂದ ವರ್ಷಗಳಲ್ಲಿ ಹುಚ್ಚೆಳ್ಳಿನ ಸಾಲು ಪ್ರತಿ ಸಲವೂ ಸೊರಗುತ್ತಿತ್ತು. ಅವರಿಗೆ ಅದನ್ನು ಹೇಳಲಿಲ್ಲ.

ಅಜ್ಜಿಯ ಹುಲ್ಲುಗಾವಲು

ಭಾನುವಾರ ಲೀಸ ತನ್ನ ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು. ಮನೆಯ ಹಿಂದೆ ಅಲ್ಲೊಂದು ಇಲ್ಲೊಂದು ಮರ, ನಡುವೆ ಹೂವು ತುಂಬಿದ ಹುಲ್ಲುಗಾವಲು. ಸುತ್ತಲಿನವರೆಲ್ಲ ತಮ್ಮ ಜಾಗವನ್ನು ಕಟ್ಟಿಗೆಯ ಮರಕ್ಕೆ ಕೊಟ್ಟುಬಿಟ್ಟಿದ್ದಾರೆ, ಸಾಲು ಸಾಲು ಒಂದೇ ಮರ. ಥೇಟ್ ನಮ್ಮ ಕಡೆಯ ನೀಲಗಿರಿ ತೋಪು. ಈ ಮುದುಕಿ ಮಾತ್ರ ಒಪ್ಪಿಲ್ಲ. ಆಳೆತ್ತರದ ಹಿಡಿಯ ಕುಡುಗೋಲನ್ನು ನಿಂತೇ ಬೀಸಿ ಪ್ರತಿ ವರ್ಷ ತಾನೇ ಹುಲ್ಲು ಕುಯ್ಯುತ್ತಾಳೆ. ಹೂವೆಲ್ಲ ಬೀಜ ಉದುರಿಸುವವರೆಗೆ ಕಾದು, ಒಂದೊಂದು ತಾವು ಒಂದೊಂದು ವಾರ. ಬಿಟ್ಟರೆ ಉದ್ದ ಹುಲ್ಲು ಎಲ್ಲವನ್ನೂ ಮುಚ್ಚುತ್ತದಂತೆ.

ಬಂದ ತಕ್ಷಣ ಸೌನಾಗೆ ಕರೆದಳು. ಕಾದ ಕಲ್ಲಿಗೆ ನೀರು ಹುಯ್ದು, ಹಬೆಯಲ್ಲಿ ಬಟ್ಟೆಯಿಲ್ಲದೆ ಎಲ್ಲರೂ ಒಟ್ಟಿಗೆ ಕೂರುವ ಬಚ್ಚಲು. ಬಸ್ ಸ್ಟಾಪಿನಲ್ಲಿ ಎರಡು ಮಾರು ದೂರ ನಿಲ್ಲುವ ಜನ ಇಲ್ಲಿ ತೊಡೆಗೆ ತೊಡೆ ತಾಗಿಸಿ ಕೂರುತ್ತಾರೆ! ನಾನು ಸೀರೆ ಬಿಚ್ಚುವುದಿಲ್ಲ ಎಂದೆ. ಅಜ್ಜಿ ಬಿಡಲಿಲ್ಲ, ನಾನೂ ಬಗ್ಗಲಿಲ್ಲ. ಕೊನೆಗೆ ಸೀರೆಯಲ್ಲೇ ಕೂತು, ಬೆಂದ ಕಡುಬಿನ ಹಾಗೆ ಹೊರಬಂದೆ.

ಮೆಟ್ಟಿಲ ಮೇಲೆ ಕೂತು ಸೆರಗು ಹಿಂಡುತ್ತಿದ್ದಾಗ ಮುನಿರಾಜುವಿನ ಫೋನು ಬಂತು.

"ಅತ್ಗೆ, ಕ್ವಾಪ ಮಾಡ್ಕಬೇಡಿ. ಮೃಗಶಿರಾ ಚೆನ್ನಾಗಿ ಸುರೀತು. ಟ್ರಾಕ್ಟ್ರು ಖಾಲಿ ಸಿಗ್ತು. ಬಿತ್ತಿಬಿಟ್ಟೆ."

"ಏನ್ ಬಿತ್ತಿದೆ?"

"ರಾಗಿ."

"ಮತ್ತೆ?"

"ಮತ್ತೇನಿಲ್ಲ."

ಅವನೇ ಮುಂದುವರಿಸಿದ. "ಕುಯ್ಯಕ್ಕೆ ಆಳೆಲ್ಲಿದಾರೆ ಹೇಳಿ? ಊರಲ್ಲಿರೋರೆಲ್ಲಾ ಫ್ಯಾಕ್ಟ್ರಿ ಬಸ್ ಹತ್ತೋರೇ. ಶಿಫ್ಟ್ ಮುಗಿಸ್ಕಂಡ್ ಬಂದು ನಾನೊಬ್ಬ ಎಷ್ಟಂತ ಕುಯ್ಲಿ? ಮಿಷಿನ್ ಬರ್ಬೇಕಂದ್ರೆ ಅಕ್ಕಡಿ ಇರಬಾರ್ದು. ಏನ್ ಮಾಡ್ಲಿ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊನೆಯ ಸಲ ಅಕ್ಕಡಿ ಹಾಕಿದ ವರ್ಷ ಸೊಂಟ ಬಿದ್ದುಹೋಗುವವರೆಗೆ ಕುಯ್ದವನು ಅವನೇ. ಆದರೆ ಕೊಟ್ಟ ಮಾತು? ನಾನು ಸಾವಿರಾರು ಮೈಲಿ ಆಚೆ ಹೋಗುವುದನ್ನೇ ಕಾದು ಬಿತ್ತಿದನಲ್ಲ! "ನಾನು ಬರ್ತೀನಿ ಇರು," ಎಂದಷ್ಟೇ ಹೇಳಿ ಫೋನಿಟ್ಟೆ. ಆಮೇಲೆ ಗಳಗಳನೆ ಅತ್ತುಬಿಟ್ಟೆ. ನಮ್ಮತ್ತೆ ತೀರಿಕೊಂಡಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅಜ್ಜಿ ಬಂದು ಪಕ್ಕದಲ್ಲಿ ಕೂತಳು, ಎರಡು ಮಾರು ಬಿಟ್ಟಲ್ಲ, ಭುಜ ತಾಗುವ ಹಾಗೆ. ಲೀಸ ಎಲ್ಲ ಹೇಳಿದಳು. ಮುದುಕಿ ಒಂದೇ ಪ್ರಶ್ನೆ ಕೇಳಿದಳು.

"ಪೈರು ಎಷ್ಟುದ್ದ ಬಂದಿದೆ ಅಂತ ಕೇಳ್ತಿದಾಳೆ," ಎಂದಳು ಲೀಸ.

"ಎಲ್ಲಿ ಬರುತ್ತೆ? ಇನ್ನೂ ಮೊಳಕೆನೂ ಒಡೆದಿಲ್ಲ."

"ಹಂಗಾದ್ರೆ ಅಳೋಕಿನ್ನೂ ಹೊತ್ತಿದೆ ಅಂತಾಳೆ."

ಮತ್ತೆ ಪಾತಿಗಳ ಹತ್ತಿರ

ಮಾರನೆಯ ದಿನ ತೋಮಸ್ಸರ ಮುಂದೆ ಹೋಗಿ ನಿಂತೆ. ನಾಚಿಕೆಯಾಗುತ್ತಿತ್ತು, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ನಮ್ಮ ಹುಚ್ಚೆಳ್ಳು ಸೊರಗುತ್ತಿದ್ದುದು ನಿಜವೆಂದು ಒಪ್ಪಿಕೊಂಡೆ. ಎಷ್ಟು ಸಾಲು ಒಟ್ಟಿಗೆ ನಿಂತರೆ ಅದು ಉಳಿಯುತ್ತದೆ ಎಂದು ಕೇಳಿದೆ. ಅವರು ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎನ್ನುವ ಮೇಷ್ಟ್ರನ್ನು ನೋಡಿದ್ದು ಅದೇ ಮೊದಲು. ನಿನ್ನ ಮಣ್ಣು, ನಿನ್ನ ರಾಗಿ, ನೀನೇ ಹಾಕಿ ನೋಡಬೇಕು ಎಂದರು. ಬಹಳ ಅಗಲ ಮಾಡಿದರೆ ಹುಳ ಒಂದೇ ಕಡೆ ಸೇರುತ್ತದೆ, ಅದೂ ನೋಡಿಕೋ ಎಂದರು.

ಅವರ ಹುಡುಗರಿಗೆ ಪಾತಿಯಲ್ಲಿ ಬಿತ್ತಿ ತೋರಿಸಿದೆ. ನಾನು ಆರಿಸಿಟ್ಟ ಬೀಜವನ್ನು ಅವರೆಲ್ಲ ಕೂತು ಮತ್ತೆ ಬೆರೆಸುತ್ತಿದ್ದರು. ನೋಡಲಾರದೆ ಮುಖ ತಿರುಗಿಸಿಕೊಂಡೆ. ಒಂದು ಪಾತಿಯನ್ನು ನನ್ನ ಕೈಗೇ ಬಿಟ್ಟ ಮೇಲೆ ಸಮಾಧಾನವಾಯಿತು. ಒಂದೊಂದು ಜಾತಿಗೆ ನಾಲ್ಕು ನಾಲ್ಕು ಸಾಲಿನ ಪಟ್ಟಿ ಮಾಡಿ ಬಿತ್ತಿದೆ. ಮೊರವನ್ನು ಲೀಸಳಿಗೆ ಕೊಟ್ಟೆ. ಬೀಜದ ಕೋಣೆಯಲ್ಲಿ ಮೊಳೆ ಹೊಡೆದು ತೂಗುಹಾಕಿದಳು.

ಹೊರಡುವ ದಿನ ಅಲ್ಲಿಂದಲೇ ಮಿಷಿನ್ ಡ್ರೈವರಿಗೆ ಫೋನು ಮಾಡಿದೆ.

"ಅಣ್ಣಾ, ನಿನ್ನ ಮಿಷಿನ್ ಬಾಯಿ ಎಷ್ಟಗಲ?"

"ಏಳಡಿ ಅಕ್ಕಾ. ಯಾಕೆ?"

"ಸುಮ್ನೆ," ಎಂದೆ.

ನಮ್ಮ ಹೊಲ

ಆರಿದ್ರಾ ಹುಟ್ಟಿದ ಎರಡನೇ ದಿನ ಮನೆ ಸೇರಿದೆ. ರಾಗಿ ಬೆರಳುದ್ದ ಬಂದಿತ್ತು, ಎರಡು ಎಕರೆ ತುಂಬ ಒಂದೇ ಹಸಿರು. ಚೆನ್ನಾಗಿಯೇ ಕಾಣುತ್ತಿತ್ತು, ಅದು ಇನ್ನಷ್ಟು ಹೊಟ್ಟೆ ಉರಿಸಿತು. ಮಾರನೆಯ ಬೆಳಿಗ್ಗೆ ಸುಣ್ಣದಲ್ಲಿ ಅದ್ದಿದ ಹಗ್ಗ, ಗೂಟ, ಅತ್ತೆಯ ಬೀಜದ ಬಟ್ಟಲುಗಳನ್ನು ತೆಗೆದುಕೊಂಡು ಹೊಲಕ್ಕಿಳಿದೆ. ಮಿಷಿನ್ ಒಂದು ಸಲ ಹೋಗಿ ಬರುವಷ್ಟು, ಅಂದರೆ ಹದಿನಾಲ್ಕು ಅಡಿ ರಾಗಿ ಬಿಟ್ಟು, ಮೇಲೊಂದು ಗೇಣು ಸೇರಿಸಿ ಹಗ್ಗ ಕಟ್ಟಿದೆ. ಅಲ್ಲಿಂದ ನಾಲ್ಕು ಸಾಲು ರಾಗಿಯನ್ನು ಬುಡಸಮೇತ ಕೀಳುತ್ತಾ ಹೋದೆ.

ಬದುವಿನ ಮೇಲೆ ಹೆಂಗಸರು ಸೇರಿದರು.

"ಲೇ ಗಿರಿಜಾ, ತಲೆ ಕೆಟ್ಟಿದ್ಯೇನೇ? ಮೊಳ್ತಿರೋ ರಾಗೀನ ಯಾರಾದ್ರೂ ಕೀಳ್ತಾರಾ? ಫಾರಿನ್ನಿಗೋಗಿ ಇದಾ ಕಲ್ತಿದ್ದು?"

"ಇದೇ ಕಲ್ತಿದ್ದು," ಎಂದೆ, ತಲೆ ಎತ್ತಲಿಲ್ಲ. ಮೊಳೆತ ರಾಗಿ ಕೀಳುವಾಗ ನನಗೇನು ಸಂಕಟವಾಗಲಿಲ್ಲವೇ? ಕಿತ್ತ ಪೈರನ್ನು ಎಸೆಯಲಿಲ್ಲ. ತೆಳುವಾಗಿದ್ದ ಕಡೆ ನಾಟಿ ಹಾಕಿದೆ. ಖಾಲಿಯಾದ ಪಟ್ಟಿಯಲ್ಲಿ ಅವರೆ ಊರಿದೆ. ಮುಂದಿನ ಪಟ್ಟಿಯಲ್ಲಿ ತೊಗರಿ, ಅದರಾಚೆ ಅಲಸಂದೆ, ಜೋಳ. ಕೊನೆಯ ಪಟ್ಟಿ ಹುಚ್ಚೆಳ್ಳಿಗೆ.

ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಮುನಿರಾಜು ಬಂದ. ಮುಖ ಕೆಂಪಗಿತ್ತು.

"ಅತ್ಗೆ, ಇನ್ನ ಮಿಷಿನ್ ಹೆಂಗ್ ಬರುತ್ತೆ? ನೀವೇ ಕುಯ್ಕಳಿ ಹೋಗಿ!"

"ಹೆಜ್ಜೆ ಹಾಕು."

"ಏನು?"

"ಈ ಪಟ್ಟಿಯಿಂದ ಆ ಪಟ್ಟೀಗೆ ಅಡಿ ಲೆಕ್ಕ ಹಾಕು ಅಂದೆ. ಮಿಷಿನ್ ಬಾಯಿ ಏಳಡಿ. ನಾನು ಎಸ್ಟೋನಿಯಾದಿಂದ ಫೋನ್ ಮಾಡಿ ಕೇಳಿದೀನಿ. ನೀನು ಇಲ್ಲೇ ಇದ್ದು ಕೇಳ್ಲಿಲ್ಲ."

ಬೂಟು ಕಾಲಲ್ಲಿ ಅಡಿ ಇಟ್ಟು ಅಳೆದ. ಹಿಂದಕ್ಕೆ ಬಂದು ಇನ್ನೊಮ್ಮೆ ಅಳೆದ.

"ಅವ್ವ ಒಂದೊಂದೇ ಸಾಲು ಹಾಕ್ತಿದ್ಲು," ಎಂದ ಕೊನೆಗೆ.

"ಅವ್ವನ ಕಾಲಕ್ಕೆ ಮಿಷಿನ್ ಇರ್ಲಿಲ್ಲ ಕಣಪ್ಪ. ಇದ್ದಿದ್ರೆ ಅವರೇ ನಿನ್ನ ಕೈಲಿ ಅಳೆಸಿರೋರು."

ಅವನು ನಗಲಿಲ್ಲ. "ಹುಚ್ಚೆಳ್ಳು ಎರಡ್ ವರ್ಷದ್ದು, ಹುಟ್ಟಲ್ಲ ಬಿಡಿ," ಎಂದು ಗೊಣಗಿ ಮನೆಗೆ ಹೋದ. ಹಾಗೆಂದವನು ಮಾರನೆಯ ದಿನದಿಂದ ಫ್ಯಾಕ್ಟರಿ ಬಸ್ಸು ಹತ್ತುವ ಮುಂಚೆ ಹೊಲಕ್ಕೆ ಹೋಗಿ ಬಗ್ಗಿ ನೋಡುತ್ತಿದ್ದ. ಅದನ್ನು ನನಗೆ ಯಜಮಾನರು ಹೇಳಿದರು. ಅವರೆ, ತೊಗರಿ ವಾರದೊಳಗೆ ಎದ್ದವು. ಹುಚ್ಚೆಳ್ಳಿನ ಪಟ್ಟಿ ಉದ್ದಕ್ಕೂ ಬೋಳಾಗಿಯೇ ಇತ್ತು. ಒಂದು ತುದಿಯಲ್ಲಿ ಮಾತ್ರ, ಎರಡು ಮಾರು ಜಾಗದಲ್ಲಿ, ಒತ್ತೊತ್ತಾಗಿ ಹುಟ್ಟಿತು.

ಆ ಎರಡು ಮಾರು ಜಾಗಕ್ಕೆ ನಾನು ಕಾವಲು ಕೂತೆ. ಪಕ್ಕದ ರಾಗಿ ಬಾಗಿದರೆ ಹಿಂದಕ್ಕೆ ಒತ್ತಿದೆ. ಹೂ ಬಿಟ್ಟಾಗ ದೂರದ ರಸ್ತೆಯಿಂದಲೂ ಹಳದಿ ಕಾಣುತ್ತಿತ್ತು.

ಕಾರ್ತೀಕದಲ್ಲಿ ಮಿಷಿನ್ ಬಂತು. ಡ್ರೈವರು ಪಟ್ಟಿಗಳನ್ನು ನೋಡಿ ತಲೆ ಕೆರೆದುಕೊಂಡ. ಮುನಿರಾಜು ಅಂದು ರಜೆ ಹಾಕಿದ್ದ. ಮಿಷಿನ್ನಿನ ಮುಂದೆ ಮುಂದೆ ತಾನೇ ನಡೆದು ದಾರಿ ತೋರಿಸಿದ. ಹೋಗುತ್ತಾ ಏಳಡಿ, ಬರುತ್ತಾ ಏಳಡಿ. ಹೊಲ ಖಾಲಿಯಾಗುತ್ತಾ ಬಂತು, ಪಟ್ಟಿಗಳು ನಿಂತೇ ಇದ್ದವು. ಅವರೆ ಆಗಷ್ಟೇ ಸೊನೆಗಟ್ಟಿತ್ತು.

"ಇದನ್ನೇನ್ ಮಾಡ್ಲಿ ಗುರು?" ಎಂದು ಡ್ರೈವರು ಹುಚ್ಚೆಳ್ಳಿನ ತುದಿಯಲ್ಲಿ ಮಿಷಿನ್ ನಿಲ್ಲಿಸಿ ಕೇಳಿದ.

"ಅದನ್ನ ಮುಟ್ಬೇಡ," ಎಂದ ಮುನಿರಾಜು. "ಅದಕ್ಕೆ ಅತ್ಗೆ ಕುಡ್ಲು ಹಿಡ್ಕಂಡ್ ನಿಂತವ್ರೆ."

ನಿಂತೇ ಇದ್ದೆ. ಒಂದು ಪಾವು ಬೀಜ ಸಿಕ್ಕಿತು. ಬೂದಿ ಹಾಕಿ ಮಡಕೆಗೆ ತುಂಬಿ ಬಾಯಿ ಕಟ್ಟಿದೆ. ಆ ವಾರ ಲೀಸ ಫೋನು ಮಾಡಿದಳು. ನಾನು ಬಿತ್ತಿದ ಪಾತಿಯಲ್ಲಿ ಎಲ್ಲ ಜಾತಿಯೂ ಹುಟ್ಟಿದೆಯಂತೆ, ಈಗ ಹಿಮ ಮುಚ್ಚಿದೆಯಂತೆ. ತೋಮಸ್ಸರು ಪಕ್ಕದಲ್ಲೇ ಇದ್ದರು. ರಾಗಿ ನುಗ್ಗಿತಾ ಎಂದು ಕೇಳಿಸಿದರು.

"ನುಗ್ತು ಅನ್ನು," ಎಂದೆ. "ನಾಲ್ಕು ಬೆರಳು ನುಗ್ತು. ಅಷ್ಟರಲ್ಲಿ ಕೊಯ್ಲಾಯ್ತು ಅನ್ನು."